ಶಿಸ್ತು ಸಮಿತಿಗೊಂದು ತಪ್ಪು ಬೇಕಾಗಿದೆ

ತಪ್ಪು ಮಾಡಿದವರಿಗಿಂತ ತಪ್ಪು ವಿಚಾರಿಸಲು ಕೂತವರೇ ಹೆಚ್ಚು ಪೇಚಿಗೆ ಸಿಕ್ಕಿಕೊಳ್ಳುವ ಜಾಗ ಯಾವುದಾದರೂ ಇದ್ದರೆ ಅದು ನಮ್ಮ ಆಫೀಸು. ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಹೀಗಾಗುತ್ತದೆ. ಆದಾಗಲೆಲ್ಲ ಇನ್ನು ಮುಂದೆ ಹೀಗಾಗಬಾರದು ಎಂದು ಒಂದು ಸುತ್ತೋಲೆ ಹೊರಡುತ್ತದೆ. ಆ ಸುತ್ತೋಲೆಯಿಂದ ಮತ್ತೊಂದು ಪೇಚು ಆಗುತ್ತದೆ.

ಯಲಹಂಕ ದಾಟಿ ರಾಜಾನುಕುಂಟೆ ಕಡೆ ಹೋಗುವ ರಸ್ತೆಯಲ್ಲಿರುವ ಒಂದು ಖಾಸಗಿ ವಿಶ್ವವಿದ್ಯಾಲಯದ ಶಿಸ್ತು ವಿಭಾಗದಲ್ಲಿ ನಾನು ಕ್ಲರ್ಕು. ಊರು ಗದಗದ ಕಡೆ, ಈಗ ಮನೆ ಕೋಗಿಲಿನಲ್ಲಿ. ವಿಭಾಗ ಅಂದರೆ ಒಂದು ಕೋಣೆ, ಒಂದು ಬೀರು, ಒಂದು ಕಂಪ್ಯೂಟರ್, ಕೆಂಪು ರಟ್ಟಿನ ಒಂದು ರಿಜಿಸ್ಟರ್ ಮತ್ತು ನಾನು. ಶಿಸ್ತು ಸಮಿತಿ ಯಾರನ್ನು ತಪ್ಪಿತಸ್ಥರು ಎನ್ನುತ್ತದೋ ಅವರ ಹೆಸರನ್ನು ನಾನು ಆ ರಿಜಿಸ್ಟರಿನಲ್ಲಿ ಬರೆಯಬೇಕು. ಹೆಸರು ಅಲ್ಲಿ ಬಂತೆಂದರೆ ಓದು ಮುಗಿಸಿ ಹೋಗುವಾಗ ಕೊಡುವ ನಡತೆ ಪ್ರಮಾಣಪತ್ರದಲ್ಲೂ ಅದು ಅಚ್ಚಾಗುತ್ತದೆ. ಆ ಪತ್ರ ನೋಡಿದ ಮೇಲೆ ಕೆಲಸ ಕೊಡುವವರು ಕೂರಲು ಕುರ್ಚಿ ಕೂಡ ಕೊಡುವುದಿಲ್ಲ.

ನಾನು ಹೇಳಹೊರಟಿರುವ ವರ್ಷ ಆ ರಿಜಿಸ್ಟರಿಗೆ ಬಿದ್ದದ್ದು ಒಂದೇ ಒಂದು ಹೆಸರು. ಅದು ಯಾವ ತಪ್ಪನ್ನೂ ಮಾಡದ ಒಬ್ಬ ಹುಡುಗಿಯದು. ಬರೆದವಳು ನಾನು. ಆ ಒಂದು ಸಾಲಿನಿಂದ ಅವಳಿಗೆ ಸಿಕ್ಕ ಕೆಲಸ ಕೈತಪ್ಪುವುದರಲ್ಲಿತ್ತು. ಅಲ್ಲಿಗೆ ಹೇಗೆ ಮುಟ್ಟಿದೆವು ಎಂಬುದನ್ನು ಮೊದಲಿನಿಂದ ಹೇಳುತ್ತೇನೆ.

ಒಂದನೇ ನಂಬರು

ಆ ವರ್ಷ ಸಮಿತಿಗೆ ಹೊಸ ಅಧ್ಯಕ್ಷರು ಬಂದರು. ರಸಾಯನಶಾಸ್ತ್ರದ ಪ್ರೊಫೆಸರು. ಟ್ರಾಫಿಕ್ ಶುರುವಾಗುವ ಮೊದಲೇ ಆರ್.ಟಿ. ನಗರ ಬಿಟ್ಟು ಏಳೂವರೆಗೆಲ್ಲ ಬಂದು ಕೂರುವ ಶಿಸ್ತಿನ ಮನುಷ್ಯ. ಬಂದ ವಾರವೇ ಆಜ್ಞೆ ಹೊರಡಿಸಿದರು. ಕೊರಳಲ್ಲಿ ಐಡಿ ಕಾರ್ಡ್ ಇಲ್ಲದೆ ಗೇಟಿನೊಳಗೆ ಬರುವ ಪ್ರತಿಯೊಬ್ಬರ ಹೆಸರನ್ನೂ ಬರೆದುಕೊಳ್ಳಬೇಕು, ಬರೆದವರೆಲ್ಲರ ಮೇಲೂ ಶಿಸ್ತು ಕ್ರಮ.

ಗೇಟಿನಲ್ಲಿದ್ದವನು ಹಿಂದಿನ ದಿನವಷ್ಟೇ ಕೆಲಸಕ್ಕೆ ಸೇರಿದ ಗಾರ್ಡು. ಯಾರನ್ನೂ ಬಿಡಬೇಡ, ಮುಖ ನೋಡಬೇಡ, ಕತ್ತು ನೋಡು ಎಂದು ಅವನ ಸುಪರ್‌ವೈಸರ್ ಹೇಳಿಕೊಟ್ಟಿದ್ದ. ಅವನು ಹಾಗೆಯೇ ಮಾಡಿದ. ಸಂಜೆಗೆ ಕಾರ್ಬನ್ ಹಾಳೆ ಇಟ್ಟು ಬರೆದ ಪುಸ್ತಕವೊಂದು ನನ್ನ ಮೇಜಿಗೆ ಬಂತು. ನಂಬರುಗಳು ಮೊದಲೇ ಅಚ್ಚಾಗಿದ್ದ ಪುಸ್ತಕ. ಒಂದು ಹಾಳೆ ಹರಿದರೂ ಗೊತ್ತಾಗುತ್ತದೆ. ಅದರಲ್ಲಿ ಒಂದನೇ ನಂಬರಿಗೆ ಅಧ್ಯಕ್ಷರ ಹೆಸರೇ ಇತ್ತು. ಅವರ ಕಾರ್ಡು ಹಿಂದಿನ ದಿನದ ಶರ್ಟಿನ ಜೇಬಿನಲ್ಲಿ ಉಳಿದಿತ್ತಂತೆ.

ಸಮಿತಿ ಸೇರಿತು. ಇನ್ನೊಬ್ಬ ಸದಸ್ಯೆ, ಹುಡುಗಿಯರ ಹಾಸ್ಟೆಲಿನ ವಾರ್ಡನ್ ಮೇಡಂ, ಪುಸ್ತಕವನ್ನು ಎರಡು ಸಲ ಓದಿ, ಒಂದನೇ ನಂಬರನ್ನು ಬಿಟ್ಟು ಎರಡರಿಂದ ಕ್ರಮ ಶುರುಮಾಡಿದರೆ ಹುಡುಗರು ಸುಮ್ಮನಿರುವುದಿಲ್ಲ ಎಂದರು. ಕೊನೆಗೆ ಇದು ಮೊದಲ ಎಚ್ಚರಿಕೆ ಎಂದು ಎಲ್ಲರನ್ನೂ ಮನ್ನಿಸಲಾಯಿತು. ಪುಸ್ತಕ ಮಾತ್ರ ನನ್ನ ಬೀರುವಿನಲ್ಲಿ ಭದ್ರವಾಗಿದೆ. ಅದರಲ್ಲಿ 'ವಿಚಾರಿಸಿದಾಗ ಕೊಟ್ಟ ಕಾರಣ' ಎಂಬ ಅಂಕಣವಿದೆ. ಒಂದನೇ ನಂಬರಿನ ಎದುರು ಗಾರ್ಡು ದುಂಡಗೆ ಬರೆದಿದ್ದಾನೆ: 'ನಾನು ಯಾರು ಗೊತ್ತಾ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಬೇರೆ ಕಾರಣ ಕೊಡಲಿಲ್ಲ.'

ಅಪ್ಪಂದಿರ ಪರೀಕ್ಷೆ

ಅದಾಗಿ ತಿಂಗಳಿಗೆ ಇಬ್ಬರು ಹುಡುಗರು ಗೆಳೆಯನ ಹುಟ್ಟುಹಬ್ಬಕ್ಕೆ ಕಾರಿಡಾರಿನಲ್ಲಿ ಮೊಟ್ಟೆ ಒಡೆದು, ನೊರೆ ಚಿಮ್ಮಿಸಿ, ಹೊಸದಾಗಿ ಬಣ್ಣ ಹೊಡೆದ ಗೋಡೆಯನ್ನು ಹಾಳುಮಾಡಿದರು. ಇಂಥ ಸಂದರ್ಭದಲ್ಲಿ ಹುಡುಗ ಮುಚ್ಚಳಿಕೆ ಬರೆದುಕೊಡಬೇಕು, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಅಂತ. ಅದಕ್ಕೆ ಅಪ್ಪ ಎದುರಿಗೆ ಬಂದು ಸಹಿ ಹಾಕಬೇಕು. ಹುಡುಗರು ಯಾರನ್ನೋ ಅಪ್ಪ ಎಂದು ಕರೆತರುತ್ತಾರೆ ಎಂದು ಅಧ್ಯಕ್ಷರ ಕಿವಿಗೆ ಬಿದ್ದಿತ್ತು. ಪ್ರೊಫೆಸರಲ್ಲವೇ, ಅಪ್ಪಂದಿರಿಗೆ ಪ್ರಶ್ನೆಪತ್ರಿಕೆ ತಯಾರು ಮಾಡಿದರು.

ಇಬ್ಬರು ಬಂದರು. ಮೊದಲನೆಯವರು ಇಸ್ತ್ರಿ ಮಾಡಿದ ಶರ್ಟು, ಜೇಬಿನಲ್ಲಿ ಪೆನ್ನು. ಮಗನ ವಿಭಾಗ, ಸೆಮಿಸ್ಟರು, ರಿಜಿಸ್ಟರ್ ನಂಬರು, ಹುಟ್ಟಿದ ದಿನ ಎಲ್ಲ ಪಟಪಟ ಹೇಳಿದರು. ಕೇಳದಿದ್ದರೂ ಇಂಟರ್ನಲ್ಸ್ ಅಂಕಗಳನ್ನೂ ಹೇಳಿದರು. ಎರಡನೆಯವರು ಹೆಸರಘಟ್ಟದಲ್ಲಿ ಹಸು ಸಾಕಿ ಡೈರಿಗೆ ಹಾಲು ಹಾಕುವವರು. ಅವರಿಗೆ ಒಂದೂ ಉತ್ತರ ಬರಲಿಲ್ಲ. ಹುಟ್ಟಿದ ದಿನ ಕೇಳಿದರೆ ಕರಿಹಸು ಮೊದಲನೇ ಕರು ಹಾಕಿದ ವಾರ ಎಂದರು. ಮಗ ಯಾವ ಸೆಮಿಸ್ಟರು ಎಂದರೆ ಸ್ವಲ್ಪ ಸಿಟ್ಟೇ ಬಂತು.

"ಅದು ಅವ್ನಿಗೇ ಸರ್ಯಾಗ್ ಗೊತ್ತಿಲ್ಲ ಸ್ವಾಮಿ, ನಂಗೆಂಗೆ ಗೊತ್ತಾಯ್ತದೆ?"

ಅಧ್ಯಕ್ಷರು ಕಣ್ಣಲ್ಲೇ ನನಗೆ ಸನ್ನೆ ಮಾಡಿದರು. ಮೊದಲನೆಯವರ ಸಹಿ ತೆಗೆದುಕೊಳ್ಳಿ, ಇವರನ್ನು ಹೊರಗೆ ಕಳಿಸಿ, ಇವರು ಅಪ್ಪನಲ್ಲ ಅಂತ. ಹಾಲಿನವರು ಎದ್ದು ಹೊರಟವರು ಪಕ್ಕದ ಕುರ್ಚಿಯಲ್ಲಿದ್ದವರನ್ನು ಆಗ ಸರಿಯಾಗಿ ನೋಡಿದರು. ನಮ್ಮೂರಿನ ನಾಟಕದಲ್ಲಿ ಪ್ರತಿವರ್ಷ ರಾಜನ ಪಾರ್ಟು ಮಾಡುವವರು ನೀವಲ್ಲವೇ, ನಿಮಗೆ ಮದುವೆ ಯಾವಾಗಾಯಿತು ಎಂದು ಕೇಳಿಯೇಬಿಟ್ಟರು.

ನಿಜವಾದ ಅಪ್ಪನನ್ನು ಅಪ್ಪನಲ್ಲ ಎಂದದ್ದಕ್ಕೆ ಅಧ್ಯಕ್ಷರೇ ಹಾಲಿನವರಿಗೆ ಲಿಖಿತ ಕ್ಷಮಾಪಣೆ ಕೊಡಬೇಕಾಯಿತು. ಅದರ ಜೊತೆಗೆ ಅವರ ಮಗನ ಮೇಲಿನ ಕ್ರಮವನ್ನೂ ಕೈಬಿಟ್ಟರು. ಅವನನ್ನು ಬಿಟ್ಟ ಮೇಲೆ ಇನ್ನೊಬ್ಬನನ್ನು ಹಿಡಿದಿಡುವುದು ಹೇಗೆ? ಅವನನ್ನೂ ಬಿಟ್ಟರು. ನಾಟಕದವರಿಗೆ ಮಾತ್ರ ಸಮಾಧಾನವಿರಲಿಲ್ಲ. ಹೋಗುವಾಗ ನನ್ನ ಮೇಜಿನ ಹತ್ತಿರ ನಿಂತು, ಆ ಮನುಷ್ಯ ಬಾರದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಅಲ್ಲವೇ ಮೇಡಂ, ನನ್ನ ಪಾರ್ಟಿನಲ್ಲಿ ಏನಾದರೂ ಕೊರತೆಯಿತ್ತೇ ಎಂದು ಕೇಳಿದರು.

"ಒಂದ ಕೊರತಿ ಇತ್ರಿ," ಎಂದೆ. "ಖರೇ ಅಪ್ಪಂದ್ರಿಗೆ ಅಷ್ಟೆಲ್ಲ ಗೊತ್ತಿರೂದಿಲ್ರಿ."

ತಪ್ಪೊಪ್ಪಿಗೆಯ ಕ್ಯೂ

ಎರಡು ಸಲ ಕೈ ಸುಟ್ಟುಕೊಂಡ ಮೇಲೆ ಅಧ್ಯಕ್ಷರಿಗೆ ಶಿಕ್ಷೆಯ ಮೇಲೇ ನಂಬಿಕೆ ಹೋಯಿತು. ಇನ್ನು ಮುಂದೆ ತಪ್ಪು ಮಾಡಿದವರ ಹೆಸರನ್ನು ರಿಜಿಸ್ಟರಿಗೆ ಹಾಕುವ ಬದಲು ಅವರಿಂದ ಸೇವೆ ಮಾಡಿಸೋಣ ಎಂದರು. ಒಂದು ವಾರ ಲೈಬ್ರರಿಯಲ್ಲಿ ಪುಸ್ತಕದ ಧೂಳು ಹೊಡೆಯಬೇಕು, ಗಿಡಗಳಿಗೆ ನೀರು ಹಾಕಬೇಕು. ಸಮಿತಿಯ ಮೂರನೇ ಸದಸ್ಯರಾದ ಲೈಬ್ರರಿಯನ್ನರು ಒಪ್ಪಿದರು. ಆ ವಾರ ಕ್ಲಾಸು ತಪ್ಪುವುದರಿಂದ ಹುಡುಗರಿಗೆ ಅನ್ಯಾಯವಾಗಬಾರದು ಎಂದು ಅಷ್ಟೂ ದಿನ ಹಾಜರಿ ಕೊಡಬೇಕೆಂದು ಅಧ್ಯಕ್ಷರು ಒಂದು ಸಾಲು ಸೇರಿಸಿದರು.

ಆ ಸಾಲೇ ಮುಳುಗಿಸಿದ್ದು. ನಮ್ಮ ಹುಡುಗರು ಯಾರಿಗೂ ಹೆದರುವುದಿಲ್ಲ, ಹಾಜರಾತಿಗೆ ಹೆದರುತ್ತಾರೆ. ಶೇಕಡಾ ಎಪ್ಪತ್ತೈದಕ್ಕಿಂತ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಮೊದಲ ತಂಡದ ಮೂವರು ಏಸಿ ಲೈಬ್ರರಿಯಲ್ಲಿ ಒಂದು ವಾರ ಆರಾಮಾಗಿ ಇದ್ದು, ಕ್ಲಾಸಿಗೆ ಹೋಗದೆ ಪೂರ್ತಿ ಹಾಜರಿ ಪಡೆದ ಸುದ್ದಿ ಕ್ಯಾಂಟೀನಿಗೆ ಮುಟ್ಟಿತು. ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಕೋಣೆಯ ಮುಂದೆ ಕ್ಯೂ ನಿಂತಿತ್ತು. ಒಬ್ಬ ಬೆಂಚಿನ ಮೇಲೆ ಹೆಸರು ಕೆತ್ತಿದ್ದೆ ಎಂದ. ಯಾವ ಬೆಂಚು ಎಂದರೆ ಈಗ ಹೋಗಿ ಕೆತ್ತಿ ಬರಲೇ ಎಂದ. ಇನ್ನೊಬ್ಬ ಎರಡು ವರ್ಷದ ಹಿಂದೆ ಹಾಸ್ಟೆಲಿನಲ್ಲಿ ಬಕೆಟ್ ಒಡೆದದ್ದನ್ನು ಒಪ್ಪಿಕೊಂಡ. ಲೈಬ್ರರಿಯನ್ನರು ಓಡಿಬಂದು, ಧೂಳೆಲ್ಲ ಮುಗಿಯಿತು, ಇನ್ನು ಯಾರನ್ನೂ ಕಳಿಸಬೇಡಿ ಎಂದು ಕೈಮುಗಿದರು.

ಅಧ್ಯಕ್ಷರೇ ಖುದ್ದಾಗಿ ಕ್ಯೂ ವಿಚಾರಿಸಲು ಬಂದರು. ಮುಂದೆ ನಿಂತಿದ್ದವನನ್ನು ನೀನೇನು ತಪ್ಪು ಮಾಡಿದ್ದೀಯ ಎಂದು ಕೇಳಿದರು. ಅವನ ಹಾಜರಾತಿ ಅರವತ್ತನ್ನೂ ಮುಟ್ಟಿರಲಿಲ್ಲ ಎಂದು ನನಗೆ ಗೊತ್ತಿತ್ತು.

"ಎರಡು ವಾರದ್ದು ಯಾವ್ದಿದ್ರೂ ಹಾಕಿ ಸಾರ್," ಎಂದ.

ಅಂದಿನಿಂದ ಹೊಸ ನಿಯಮ ಬಂತು. ಬೇರೆ ಯಾರಾದರೂ ಲಿಖಿತ ದೂರು ಕೊಡದೆ ಯಾರ ತಪ್ಪನ್ನೂ ಒಪ್ಪಿಕೊಳ್ಳತಕ್ಕದ್ದಲ್ಲ. ದೂರು ಕೊಡುವ ತಾಪತ್ರಯ ಯಾರಿಗೆ ಬೇಕು? ರಿಜಿಸ್ಟರ್ ಬಿಳಿಯಾಗಿಯೇ ಉಳಿಯಿತು.

ತಪಾಸಣೆ

ಆಗ ತಪಾಸಣಾ ತಂಡ ಬರುತ್ತದೆಂದು ಸುದ್ದಿ ಬಂತು. ವಿಶ್ವವಿದ್ಯಾಲಯಕ್ಕೆ ಇಂತಿಷ್ಟು ದರ್ಜೆ ಎಂದು ಕೊಡುವ ದೊಡ್ಡವರು. ಅವರು ಕೇಳುವ ಕಾಗದಗಳ ಪಟ್ಟಿಯಲ್ಲಿ ಶಿಸ್ತು ಸಮಿತಿ ನಡೆಸಿದ ವಿಚಾರಣೆಗಳ ದಾಖಲೆಯೂ ಇತ್ತು. ರಿಜಿಸ್ಟರ್ ಖಾಲಿಯಿದ್ದರೆ ನಮ್ಮ ಹುಡುಗರು ಒಳ್ಳೆಯವರು ಎಂದು ಯಾರೂ ತಿಳಿಯುವುದಿಲ್ಲ, ಸಮಿತಿ ಕೆಲಸ ಮಾಡುತ್ತಿಲ್ಲ ಎಂದು ತಿಳಿಯುತ್ತಾರೆ. ಒಂದಾದರೂ ಬೇಕು ಎಂದರು ಅಧ್ಯಕ್ಷರು.

ನಿಜವಾಗಿ ತಪ್ಪು ಮಾಡಿದ್ದ ಹುಡುಗರನ್ನು ಕೇಳಿದೆವು. ಹಾಜರಿ ಕೊಡುವುದಿಲ್ಲವೆಂದ ಮೇಲೆ ಯಾರೂ ಒಪ್ಪಲಿಲ್ಲ. ಕೊನೆಗೆ ನಾನೇ ಒಬ್ಬಳನ್ನು ಹುಡುಕಿದೆ. ಕೊಪ್ಪಳದ ಕಡೆಯ ಹುಡುಗಿ, ಎಂ.ಎಸ್ಸಿ. ಗಣಿತ, ಕೊನೆಯ ವರ್ಷ. ನಮ್ಮ ಕಡೆಯವಳೆಂದು ಆಗಾಗ ನನ್ನ ಕೋಣೆಗೆ ಬಂದು ರೊಟ್ಟಿ ಹಂಚಿಕೊಂಡು ತಿನ್ನುತ್ತಿದ್ದಳು. ರಿಜಿಸ್ಟರಿಗೆ ಒಂದು ಹೆಸರು ಬೇಕಾಗಿದೆ, ತಪಾಸಣೆ ಮುಗಿದ ಮರುದಿನವೇ ಹೊಡೆದುಹಾಕುತ್ತೇನೆ ಎಂದೆ. ನೀವು ಹೇಳಿದ ಮೇಲೆ ಆಯಿತು ಎಂದಳು. ಅವಳು ಅಷ್ಟು ನಂಬಿದ್ದು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಇನ್ನು ಅವಳ ಮೇಲೆ ಯಾವ ತಪ್ಪು ಹೊರಿಸುವುದು ಎಂಬುದಕ್ಕೆ ಸಮಿತಿ ಎರಡು ಗಂಟೆ ಕೂತಿತು. ನಿಜವಾದ ತಪ್ಪಿನ ಮೇಲೆ ಅಷ್ಟು ಹೊತ್ತು ಕೂತದ್ದನ್ನು ನಾನು ನೋಡಿಲ್ಲ. ದೊಡ್ಡದಾದರೆ ವಿಶ್ವವಿದ್ಯಾಲಯದ ಹೆಸರು ಕೆಡುತ್ತದೆ, ಸಣ್ಣದಾದರೆ ತಂಡದವರು ನಗುತ್ತಾರೆ. ಕೊನೆಗೆ ಲೈಬ್ರರಿಯಲ್ಲಿ ಗಟ್ಟಿಯಾಗಿ ಮಾತನಾಡಿ ಬೇರೆಯವರ ಓದಿಗೆ ತೊಂದರೆ ಕೊಟ್ಟಳು ಎಂದಾಯಿತು. ಲೈಬ್ರರಿಯನ್ನರು ದೂರು ಬರೆದುಕೊಟ್ಟರು. ನಾನು ರಿಜಿಸ್ಟರಿಗೆ ಏರಿಸಿದೆ. ತಿಳಿವಳಿಕೆ ಹೇಳಿ ಸರಿದಾರಿಗೆ ತರಲಾಗಿದೆ ಎಂದು ಅಧ್ಯಕ್ಷರು ಹೇಳಿ ಬರೆಸಿದರು.

ತಂಡ ಬಂದ ದಿನ ಅದರ ಹಿರಿಯರು ಪುಟವನ್ನು ಓದಿ, ಆ ವಿದ್ಯಾರ್ಥಿನಿಯನ್ನು ಕರೆಸಿ ಎಂದರು. ಅವಳು ಬಂದಳು. ಮೊದಲೇ ಅವಳ ದನಿ ಪಕ್ಕದಲ್ಲಿ ಕೂತವರಿಗೂ ಕೇಳುವಂಥದ್ದಲ್ಲ. ಹಿರಿಯರು ನಾಲ್ಕು ಪ್ರಶ್ನೆ ಕೇಳಿದರು, ಅವಳು ನಾಲ್ಕಕ್ಕೂ ಉತ್ತರ ಕೊಟ್ಟಳು, ಅವರಿಗೆ ಒಂದೂ ಕೇಳಿಸಲಿಲ್ಲ. ಅವರು ಅಧ್ಯಕ್ಷರ ಕೈ ಹಿಡಿದು ಕುಲುಕಿದರು. ವರದಿಯಲ್ಲಿ ಬರೆದೇಬಿಟ್ಟರು: 'ಸಮಿತಿಯ ತಿಳಿವಳಿಕೆಯ ಪರಿಣಾಮ ವಿದ್ಯಾರ್ಥಿನಿಯಲ್ಲಿ ಎದ್ದು ಕಾಣುತ್ತದೆ.'

ಸುಧಾರಣೆಯ ವಿಚಾರಣೆ

ಮರುದಿನ ಹೊಡೆದುಹಾಕೋಣವೆಂದು ರಿಜಿಸ್ಟರ್ ತೆಗೆದೆ. ಆ ಪುಟದ ಮೇಲೆ ತಂಡದ ಹಿರಿಯರ ಸಹಿ ಬಿದ್ದಿತ್ತು, ಸೀಲೂ ಬಿದ್ದಿತ್ತು. ಅವರು ಮುಟ್ಟಿದ್ದನ್ನು ಅಳಿಸುವ ಧೈರ್ಯ ನನಗಾಗಲಿಲ್ಲ. ಅವಳಿಗೆ ಹೇಳುವ ಧೈರ್ಯವೂ ಆಗಲಿಲ್ಲ. ನೋಡೋಣ, ನೋಡೋಣ ಎನ್ನುತ್ತ ಆರು ತಿಂಗಳು ಕಳೆದೆ.

ಒಂದು ಶುಕ್ರವಾರ ಅವಳೇ ಬಂದಳು. ಊರಿನ ಹತ್ತಿರದ ವಸತಿ ಶಾಲೆಯಲ್ಲಿ ಗಣಿತದ ಟೀಚರ್ ಕೆಲಸ ಸಿಕ್ಕಿತ್ತು. ಸೋಮವಾರ ಬೆಳಿಗ್ಗೆ ನಡತೆ ಪ್ರಮಾಣಪತ್ರದೊಂದಿಗೆ ಹಾಜರಾಗಬೇಕು, ಇಲ್ಲವಾದರೆ ಪಟ್ಟಿಯಲ್ಲಿ ಮುಂದಿರುವವರನ್ನು ಕರೆಯುತ್ತಾರೆ. ನಾನು ಕಂಪ್ಯೂಟರಿನಲ್ಲಿ ನಂಬರು ಒತ್ತಿದೆ. ರಿಜಿಸ್ಟರಿನಲ್ಲಿದ್ದದ್ದು ಹಾಗೆಯೇ ಅಚ್ಚಾಗಿ ಬಂತು: 'ನಡತೆ: ಶಿಸ್ತು ಕ್ರಮಕ್ಕೆ ಒಳಗಾಗಿದ್ದಾರೆ.' ಅವಳು ಓದಿ ನನ್ನ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ನಿಯಮದಲ್ಲಿ ಒಂದೇ ದಾರಿಯಿತ್ತು. ಸಮಿತಿಯ ಮೂವರೂ ಸೇರಿ ವಿದ್ಯಾರ್ಥಿನಿ ಸುಧಾರಿಸಿದ್ದಾಳೆ ಎಂದು ತೀರ್ಮಾನಿಸಿದರೆ ಸಾಲು ತೆಗೆಯಬಹುದು. ಶನಿವಾರ ಹನ್ನೆರಡಕ್ಕೆ ಸಭೆ ಇಟ್ಟೆ. ಸಂಜೆ ಯಶವಂತಪುರದಿಂದ ಅವಳ ರೈಲು. ಹಾಸ್ಟೆಲ್ ಖಾಲಿ ಮಾಡಿ, ಹಾಸಿಗೆ ಸುತ್ತಿಕೊಂಡು, ಟ್ರಂಕಿನ ಸಮೇತ ಬಂದು ಬಾಗಿಲಲ್ಲಿ ಕೂತಿದ್ದಳು. ವಾರ್ಡನ್ ಮೇಡಂ ಹೆಬ್ಬಾಳದ ಫ್ಲೈಓವರ್ ಮೇಲೆ ಸಿಕ್ಕಿಕೊಂಡು ಒಂದೂವರೆಗೆ ಬಂದರು.

ಸಭೆ ಶುರುವಾದಾಗ ನನಗೊಂದು ವಿಷಯ ಗೊತ್ತಾಯಿತು. ಅಧ್ಯಕ್ಷರಿಗೆ ನಿಜ ಮರೆತೇಹೋಗಿತ್ತು. ತಂಡದವರು ಹೊಗಳಿದ್ದನ್ನು ಅವರು ಆರು ತಿಂಗಳಿಂದ ಪ್ರತಿ ಸಭೆಯಲ್ಲೂ, ಪ್ರತಿ ಮದುವೆಯಲ್ಲೂ ಹೇಳುತ್ತ ಬಂದಿದ್ದರು. ಎಷ್ಟು ಗಲಾಟೆಯ ಹುಡುಗಿ, ನಾಲ್ಕು ಮಾತಿನಲ್ಲಿ ಹೇಗೆ ತಿದ್ದಿದೆ ಅಂತ. ಹೇಳಿ ಹೇಳಿ ಅವರಿಗೇ ನಂಬಿಕೆ ಬಂದುಬಿಟ್ಟಿತ್ತು. ಅವಳನ್ನು ಎದುರಿಗೆ ನಿಲ್ಲಿಸಿಕೊಂಡು, ಆ ಕೆಟ್ಟ ಅಭ್ಯಾಸ ಪೂರ್ತಿ ಬಿಟ್ಟಿದ್ದೀಯಾ, ಹೊರಗಿನ ಲೈಬ್ರರಿಗಳಲ್ಲಿ ಹೇಗಿರುತ್ತೀಯಾ, ನಾಳೆ ಮಕ್ಕಳಿಗೆ ಪಾಠ ಮಾಡುವವಳು ಮೊದಲು ತಾನು ತಿದ್ದಿಕೊಳ್ಳಬೇಡವೇ ಎಂದು ತುಂಬ ಕಳಕಳಿಯಿಂದ ವಿಚಾರಿಸತೊಡಗಿದರು. ಅವಳು ತುಟಿ ಅಲ್ಲಾಡಿಸುತ್ತಿದ್ದಳು, ಅವರಿಗೆ ಕೇಳುತ್ತಿರಲಿಲ್ಲ. ಲೈಬ್ರರಿಯನ್ನರು ತಮ್ಮ ಚಪ್ಪಲಿ ನೋಡುತ್ತ ಕೂತರು, ದೂರಿಗೆ ಸಹಿ ಹಾಕಿದ್ದವರು ಅವರೇ. ವಾರ್ಡನ್ ಮೇಡಂ ಫ್ಯಾನು ನೋಡುತ್ತ ಕೂತರು. ಗಂಟೆ ಎರಡೂವರೆಯಾಯಿತು. ಉಪದೇಶ ಮುಗಿಯುವ ಲಕ್ಷಣವಿರಲಿಲ್ಲ. ತಪ್ಪನ್ನು ಮನಸಾರೆ ಒಪ್ಪಿಕೊಳ್ಳದೆ ಸುಧಾರಣೆ ಹೇಗೆ, ಮುಂದಿನ ಸಭೆಗೆ ನೋಡೋಣ ಎಂದು ಅವರು ಫೈಲು ಮುಚ್ಚಿದರು.

"ನಾ ಮಾತಾಡೇ ಇಲ್ರಿ ಸರ್!"

ಅವಳಿಗೆ ಆ ದನಿ ಎಲ್ಲಿಂದ ಬಂತೋ ಗೊತ್ತಿಲ್ಲ. ಪಕ್ಕದ ಪರೀಕ್ಷಾ ವಿಭಾಗದವರು ಎದ್ದು ಬಂದು ಬಾಗಿಲಲ್ಲಿ ಇಣುಕಿದರು. ಕಿಟಕಿಯ ಹೊರಗೆ ಮಾಲಿ ಪೈಪು ಕೆಳಗೆ ಬಿಟ್ಟ. ಅಧ್ಯಕ್ಷರು ನಮ್ಮೆಲ್ಲರ ಕಡೆಗೆ ತಿರುಗಿದರು.

"ನೋಡಿದ್ರಾ? ಇನ್ನೂ ಬಿಟ್ಟಿಲ್ಲ."

ಸುಳ್ಳು ದಾಖಲೆ ಬರೆದೆ ಎಂದು ಒಪ್ಪಿಕೊಂಡರೆ ಸೋಮವಾರ ಅವಳಂತೆ ನಾನೂ ಕೆಲಸ ಹುಡುಕಬೇಕಾದೀತು ಎಂದು ಗೊತ್ತಿತ್ತು. ಆದರೆ ಆ ಟ್ರಂಕು ಬಾಗಿಲಲ್ಲಿ ಕಾಣುತ್ತಿತ್ತು.

"ಸರ್, ಆಕಿ ಗಟ್ಟಿಯಾಗಿ ಮಾತಾಡಿದ್ದು ಇದ ಮೊದ್ಲ್ರಿ," ಎಂದೆ. "ಆವತ್ತ ತಪಾಸಣಿಗೆ ಒಂದ ಹೆಸರು ಬೇಕಂತ ನೀವ್ ಹೇಳಿದ್ರಿ. ಇವರು ದೂರು ಕೊಟ್ರು. ನಾ ಬರದೆ."

ಅಧ್ಯಕ್ಷರು ಕನ್ನಡಕ ತೆಗೆದರು. ಲೈಬ್ರರಿಯನ್ನರು ಚಪ್ಪಲಿಯಿಂದ ತಲೆಯೆತ್ತದೆಯೇ ಹೌದು ಎಂದರು. ಒಬ್ಬ ಮನುಷ್ಯನಿಗೆ ನಿಜ ಮೆಲ್ಲಗೆ ನೆನಪಾಗುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮುಖ ಬಿಳುಪೇರಿತು, ಆಮೇಲೆ ಕೆಂಪಾಯಿತು.

ಸುಧಾರಿಸಿದ್ದಾಳೆ ಎಂದು ಬರೆದು ಮುಗಿಸಿಬಿಡೋಣ ಎಂದರು ವಾರ್ಡನ್ ಮೇಡಂ. ಹುಡುಗಿ ತಲೆ ಅಲ್ಲಾಡಿಸಿದಳು. ಸುಧಾರಿಸಿದ್ದೇನೆ ಎಂದರೆ ಮೊದಲು ಕೆಟ್ಟಿದ್ದೆ ಎಂದಾಗುತ್ತದಲ್ಲ ಎಂದಳು. ದನಿ ಮತ್ತೆ ಮೊದಲಿನಂತಾಗಿದ್ದರಿಂದ ಅದನ್ನು ನಾನೇ ಎಲ್ಲರಿಗೂ ಹೇಳಬೇಕಾಯಿತು.

ಅಧ್ಯಕ್ಷರು ರಿಜಿಸ್ಟರನ್ನು ತಮ್ಮ ಕಡೆಗೆ ಎಳೆದುಕೊಂಡರು. ಅವಳ ಹೆಸರಿನ ಮೇಲೆ, ತಂಡದ ಹಿರಿಯರ ಸೀಲಿನ ಮೇಲೆಯೂ ಹಾಯುವಂತೆ, ಉದ್ದಕ್ಕೆ ಒಂದು ಗೆರೆ ಎಳೆದರು. ಕೆಳಗೆ ತಮ್ಮ ಕೈಯಾರೆ ಬರೆದರು: 'ಈ ಪುಟದಲ್ಲಿರುವ ತಪ್ಪು ಸಮಿತಿಯದು.' ಸಹಿ ಹಾಕಿದರು. ಉಳಿದಿಬ್ಬರೂ ಹಾಕಿದರು. ನನ್ನನ್ನೂ ಹಾಕಿ ಎಂದರು. ಆ ವರ್ಷ ನಮ್ಮ ವಿಶ್ವವಿದ್ಯಾಲಯದಲ್ಲಿ ತಪ್ಪಿತಸ್ಥರೆಂದು ದಾಖಲಾದವರು ನಾವು ನಾಲ್ವರೇ.

ಪ್ರಮಾಣಪತ್ರ ಹೊಸದಾಗಿ ಅಚ್ಚಾಗಿ ಬಂತು. 'ನಡತೆ: ಉತ್ತಮ.' ಅಧ್ಯಕ್ಷರೇ ಎದ್ದು ನಿಂತು ಅದನ್ನು ಅವಳ ಕೈಗೆ ಕೊಟ್ಟರು. ಅವಳು ಅದನ್ನು ಎರಡು ಸಲ ಓದಿ, ಮಡಿಸದೆ ಪುಸ್ತಕದ ನಡುವೆ ಇಟ್ಟುಕೊಂಡು, ಬಾಗಿಲ ತನಕ ಹೋಗಿ ತಿರುಗಿ ಏನೋ ಅಂದಳು. ತುಟಿ ಅಲ್ಲಾಡಿದ್ದಷ್ಟೇ ಕಂಡಿತು.

ಅಧ್ಯಕ್ಷರು ಕಿವಿ ಮುಂದೆ ಮಾಡಿದರು. "ಏನಮ್ಮಾ? ಕೇಳಿಸ್ಲಿಲ್ಲ, ಸ್ವಲ್ಪ ಗಟ್ಟಿಯಾಗಿ ಹೇಳು."

"ಬ್ಯಾಡ್ರಿ ಸರ್," ಎಂದಳು ಅವಳು ಟ್ರಂಕು ಎತ್ತಿಕೊಳ್ಳುತ್ತ. "ಮತ್ತೊಂದ್ ಪುಟ ಆಗ್ತದ."